ಹಾಲಿನ ಪಾಕೀಟಿನ ಹಾಸುಗಲ್ಲು

ಬ್ರಹ್ಮಪುರದ ಆ ಮನೆಯಲ್ಲಿ ಜಗಳ ಶುರುವಾದದ್ದು ಹಾಲಿನ ಪಾಕೀಟಿನಿಂದ.

ಧರ್ಮಣ್ಣ ಬೆಳಗಿನ ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಒಣಗಿದ ಧೋತರ ತೆಗೆದುಕೊಳ್ಳಲು ಹಿತ್ತಲಿಗೆ ಬಂದ. ಹಗ್ಗದ ಮೇಲೆ ಧೋತರ ಇರಲಿಲ್ಲ. ಅದರ ಜಾಗದಲ್ಲಿ ಕತ್ತರಿಸಿ ತೊಳೆದ ಹಾಲಿನ ಪಾಕೀಟು, ಎಣ್ಣೆಯ ಪಾಕೀಟು, ಅಂಗಡಿಯ ತೆಳು ಚೀಲಗಳು ಸಾಲಾಗಿ ನೇತಾಡುತ್ತ ಗಾಳಿಗೆ ಪಟಪಟ ಅನ್ನುತ್ತಿದ್ದವು.

"ಇದೇನು ಮನಿಯೋ, ಗುಜರಿ ಅಂಗಡಿಯೋ?" ಎಂದು ಅಲ್ಲಿಂದಲೇ ಕೂಗಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ದುಂಡಮ್ಮ ಕೈ ನಿಲ್ಲಿಸಲಿಲ್ಲ. "ಧೋತರ ಬೇವಿನ ಟೊಂಗಿ ಮ್ಯಾಲ ಅದ ನೋಡ್ರಿ. ಅಲ್ಲಿ ಲಗೂನ ಒಣಗ್ತದ."

"ಕಾಗಿ ಕುಂಡರೋ ಟೊಂಗಿ ಮ್ಯಾಲ ನನ್ನ ಧೋತರ, ಹಗ್ಗದ ಮ್ಯಾಲ ನಿನ್ನ ಸೊಸಿ ಪಾಕೀಟು! ಭೇಷ್ ಆತು."

ಸೊಸೆ ರಾಜೇಶ್ರೀ ಡಬ್ಬಿ ಕಟ್ಟಿಕೊಳ್ಳುತ್ತಿದ್ದವಳು ಬಾಗಿಲಿಗೆ ಬಂದಳು. "ಇವತ್ತ ಎಲ್ಲಾ ಒಯ್ತೀನ್ರಿ ಮಾಮಾ. ಹಸಿ ಇದ್ರ ಮಷೀನಿಗೆ ಹಾಕಾಕ ಬರಂಗಿಲ್ಲ, ಅದಕ್ಕ ಒಣಗಿಸೀನಿ."

"ಮಷೀನಿಗೆ ಹಾಕಿ ಏನ್ ಮಾಡ್ತಿ?"

"ಹಾಸೋ ಕಲ್ಲು ಮಾಡ್ತೀವ್ರಿ."

ಕಲ್ಲು ಎಂಬ ಮಾತೇ ಧರ್ಮಣ್ಣನಿಗೆ ಚುಚ್ಚಿತು. ಹುಮನಾಬಾದ ರಸ್ತೆಯಲ್ಲಿ ಅವನದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಡಿ. ಅಪ್ಪನ ಕಾಲದಿಂದ ಬಂದದ್ದು. ಈಗೀಗ ಜನ ಹೊಳೆಯುವ ಟೈಲ್ಸಿನ ಹಿಂದೆ ಬಿದ್ದಿದ್ದಾರೆ, ಕಲ್ಲು ಕೇಳುತ್ತ ಬರುವವರು ಕಡಿಮೆ. ಮಗ ಆನಂದಕುಮಾರನೂ ಅದೇ ಅಂಗಡಿಯಲ್ಲಿ ಕೂರುತ್ತಾನೆ. ಅಂಥ ಮನೆಯ ಸೊಸೆ ಈಗ ತವರೂರು ಕಮಲಾಪುರದಲ್ಲಿ ಗೆಳತಿ ಕಾವೇರಿಯ ಜೊತೆ ಸೇರಿ ಪ್ಲಾಸ್ಟಿಕ್ಕಿನ ಕಲ್ಲು ಮಾಡಲು ಹೊರಟಿದ್ದಳು. ಕಾವೇರಿಯ ಮಹಿಳಾ ಸಂಘಕ್ಕೆ ಮಷೀನುಗಳು ಬಂದಿದ್ದವು. ಅವನ್ನು ನಡೆಸಲು ರಸಾಯನಶಾಸ್ತ್ರ ಓದಿದವರು ಬೇಕಿತ್ತು, ರಾಜೇಶ್ರೀ ಓದಿದ್ದಳು.

"ನಮ್ಮ ಶಹಾಬಾದ ಸೀಮ್ಯಾಗ ದೇವರು ನೆಲದೊಳಗ ಹಾಳಿ ಹಾಳಿ ಮಾಡಿ ಕಲ್ಲು ಜೋಡಿಸಿ ಇಟ್ಟಾನ," ಎಂದ ಧರ್ಮಣ್ಣ ಧೋತರ ಝಾಡಿಸುತ್ತ. "ಎಬ್ಬಿಸಿ ತಂದು ಹಾಸೋದು ಒಂದೇ ಕೆಲಸ. ಅದು ಬಿಟ್ಟು ಕಸ ಕರಗಿಸಿ ಕಲ್ಲು ಮಾಡ್ತಾರಂತ!"

"ದೇವರ ಕಲ್ಲು ಬ್ಯಾರೆ, ನಮ್ಮ ಕಲ್ಲು ಬ್ಯಾರೆ ರೀ ಮಾಮಾ," ಎಂದಳು ರಾಜೇಶ್ರೀ. ಪಾಕೀಟುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ಹೊರಟೇಬಿಟ್ಟಳು.

ದುಂಡಮ್ಮ ಮಾತ್ರ ರೊಟ್ಟಿಯ ಹಂಚಿನ ಮುಂದೆ ಯೋಚನೆಗೆ ಬಿದ್ದಳು. ಅವಳ ಸ್ವಭಾವವೇ ಹಾಗೆ. ಫ್ರಿಜ್ಜು ರಿಪೇರಿಗೆ ಬಂದವನ ಬೆನ್ನ ಹಿಂದೆ ಕುಳಿತು, ಒಳಗೆ ಉರಿ ಇಲ್ಲ, ಬರ್ಫ ಇಲ್ಲ, ತಂಪು ಎಲ್ಲಿಂದ ಬರುತ್ತದೆ ಎಂದು ಕೇಳಿ ಅವನ ತಲೆ ತಿಂದವಳು. ಕಣ್ಣಿನ ಆಪರೇಶನ್ ಮಾಡಿದ ಡಾಕ್ಟರನ್ನು, "ಹಳೀ ಕಣ್ಣಿನ ಪದರು ಎಲ್ಲಿ ಒಗದ್ರಿ?" ಎಂದು ಕೇಳಿ ನಗಿಸಿದವಳು. ಈಗ ಅವಳಿಗೆ ಒಂದೇ ಪ್ರಶ್ನೆ: ಬೆರಳಲ್ಲಿ ಜಗ್ಗಿದರೆ ಹರಿಯುವ ಪಾಕೀಟು, ಆಳು ತುಳಿದರೂ ಒಡೆಯದ ಕಲ್ಲು ಹೇಗಾಗುತ್ತದೆ?

ಮರುವಾರ ಅವಳು ಬೆಳಿಗ್ಗೆಯೇ ಇಡೀ ದಿನದ ಅಡುಗೆ ಮಾಡಿಟ್ಟಳು. ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮುಚ್ಚಿಟ್ಟು ಮೊಮ್ಮಗಳು ಮಲ್ಲಿಕಾಗೆ ಹೇಳಿದಳು: "ಸಾಲಿಯಿಂದ ಬಂದು ಊಟ ಮಾಡು, ಮುತ್ಯಾಗೂ ನೀಡು. ನಾ ಕಮಲಾಪುರಕ್ಕ ಹೊಂಟೀನಿ."

"ಮುತ್ಯಾ ಕೇಳಿದ್ರ ಏನ್ ಹೇಳ್ಲಿ ಆಯಿ?"

"ಆಯಿ ನೋಡಾಕ ಹೋಗ್ಯಾಳ ಅನ್ನು. ಏನ್ ನೋಡಾಕ ಅಂದ್ರ, ಬಂದ್ ಮ್ಯಾಲ ಹೇಳ್ತಾಳ ಅನ್ನು."

ಅತ್ತೆ ಸೊಸೆ ಮೊದಲು ಊರೊಳಗಿನ ರೋಜಾ ಓಣಿಗೆ ಹೋದರು. ದರ್ಗಾದ ಹಿಂದಿನ ಗಲ್ಲಿಯಲ್ಲಿ ಇಮಾಮುದ್ದೀನ್ ಎಂಬವನ ಗುಜರಿ. ಕಾವೇರಿಯ ಸಂಘಕ್ಕೆ ಪ್ಲಾಸ್ಟಿಕ್ ಬರುವುದು ಅಲ್ಲಿಂದಲೇ. ಉರುಸಿಗೆ ಬಂದ ಜನ ಬಿಟ್ಟುಹೋದ ಕಸ ಅವನ ಅಂಗಳದಲ್ಲಿ ಗುಡ್ಡವಾಗಿ ಬಿದ್ದಿತ್ತು. ಅವನು ಮುಚ್ಚಳ ಬೇರೆ, ಬಾಟಲಿ ಬೇರೆ, ಚೀಲ ಬೇರೆ ಎಂದು ವಿಂಗಡಿಸುತ್ತಿದ್ದ. ದುಂಡಮ್ಮ ಒಂದು ತುಂಡು ನೀಲಿ ಪೈಪು ಎತ್ತಿ ಚೀಲಕ್ಕೆ ಹಾಕಲು ಹೋದಳು.

"ಅದು ಬ್ಯಾಡ್ರಿ ಅಮ್ಮಾ!" ಇಮಾಮುದ್ದೀನ್ ಕೈ ಅಡ್ಡ ಹಿಡಿದ. "ಪೈಪ್ ಸುಟ್ರ ಜಹರ್ ಹೊಗಿ ಬರ್ತದ. ರಾಜೇಶ್ರೀ ಬಾಯಿ ನನಗ ಕಸಮ್ ಹಾಕ್ಸ್ಯಾರ. ಪೈಪ್ ಒಂದು ಚೂರು ಬಂದ್ರ ಇಡೀ ಚೀಲ ವಾಪಸ್."

"ಎಲ್ಲಾ ಪ್ಲಾಸ್ಟಿಕ್ ಒಂದೇ ಅಲ್ಲೇನು?"

"ಎಲ್ಲಾ ಮನಿಷ್ಯಾರು ಒಂದೇ ಏನ್ರಿ ಅಮ್ಮಾ?" ಎಂದು ನಕ್ಕ ಅವನು.

ಕಮಲಾಪುರದಲ್ಲಿ ಕಾವೇರಿಯ ಅಪ್ಪನ ಹಳೆಯ ಗೋದಾಮು ಇತ್ತು. ಮೊದಲು ಅಲ್ಲಿ ಕೆಂಪು ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದರು. ಈಗ ಮೂರು ಮಷೀನು ನಿಂತಿದ್ದವು. ಒಂದು ಪಾಕೀಟುಗಳನ್ನು ಕತ್ತರಿಸಿ ಅವಲಕ್ಕಿಯಂತೆ ಉದುರಿಸುತ್ತಿತ್ತು. ಇನ್ನೊಂದರಲ್ಲಿ ಆ ಚೂರು, ಅದರ ಮೂರು ಪಾಲು ಉಸುಕು. ಒಳಗೆ ಕಾಯ್ದು ಕಲಸಿಕೊಂಡು, ಹೂರಣಕ್ಕಿಂತ ಗಟ್ಟಿಯಾದ ಕರಿಯ ಮುದ್ದೆ ಹೊರಬರುತ್ತಿತ್ತು. ಹೊಗೆಯನ್ನು ಒಂದು ಕೊಳವೆ ಎಳೆದುಕೊಂಡು ನೀರಿನ ಪೀಪಾಯಿಯೊಳಗೆ ಮುಳುಗಿಸುತ್ತಿತ್ತು. ಕಾವೇರಿ ಆ ಮುದ್ದೆಯನ್ನು ಉಕ್ಕಿನ ಅಚ್ಚಿಗೆ ತುಂಬಿದಳು, ಮೂರನೆಯ ಮಷೀನು ಮೇಲಿನಿಂದ ಒತ್ತಿತು. ಒತ್ತಿ ತೆಗೆದ ಕಲ್ಲು ನೀರಿಗೆ ಬಿದ್ದು ಚುಂಯ್ ಎಂದಿತು.

ದುಂಡಮ್ಮ ಆರಿದ ಕಲ್ಲನ್ನು ಕೈಗೆತ್ತಿಕೊಂಡು ಸವರಿದಳು, ಉಗುರಿನಿಂದ ಕೆರೆದಳು, ಮೂಸಿದಳು, ನೆಲಕ್ಕೆ ಎತ್ತಿ ಒಗೆದಳು. ಒಡೆಯಲಿಲ್ಲ.

"ಇದರಾಗ ನಮ್ಮ ಮನಿ ಹಾಲಿನ ಪಾಕೀಟು ಅದಾವೇನು?"

"ಎಷ್ಟೋ ಅದಾವ್ರಿ ಅತ್ತಿ."

"ಹಂಗಂದ್ರ ನಿಮ್ಮ ಮಾಮಾ ಕುಡಿದ ಚಹಾನೂ ಇದರಾಗ ಅದ ಅನ್ನು!"

ಹೆಂಗಸರೆಲ್ಲ ನಕ್ಕರು. ಅಂಗನವಾಡಿಯ ಅಂಗಳಕ್ಕೆ ಇದೇ ಕಲ್ಲು ಹಾಸುವುದೆಂದು ಊರಲ್ಲಿ ಮಾತಾಗಿತ್ತು. ಮಳೆ ಬಂದರೆ ಅಲ್ಲಿ ಎರೆಮಣ್ಣು ಮಕ್ಕಳ ಮೊಣಕಾಲಿನವರೆಗೂ ಹತ್ತುತ್ತಿತ್ತು. ಅದು ಸಂಘದ ಮೊದಲ ಕೆಲಸ. ಆಗಲೇ ಗೋಡೆಯ ತುಂಬ ಕಲ್ಲು ಪೇರಿಸಿಟ್ಟಿದ್ದರು. ದುಂಡಮ್ಮ ಹಟ ಮಾಡಿ ಒಂದಷ್ಟು ಕಲ್ಲು ಮನೆಗೆ ತಂದಳು.

ಆನಂದಕುಮಾರ ಅವನ್ನು ಹಿತ್ತಲಲ್ಲಿ, ನಲ್ಲಿಯ ಬುಡದಲ್ಲಿ, ರಾಡಿಯಾಗುವ ಜಾಗಕ್ಕೆ ಹಾಸಿಕೊಟ್ಟ. ಹಾಸುವಾಗ ಎರಡೆರಡು ಸಲ ಬಾಗಿಲ ಕಡೆ ನೋಡಿದ.

"ಅಪ್ಪಾ ನೋಡಿದ್ರ ನನ್ನ ಮನಿ ಹೊರಗ ಹಾಕ್ತಾನ ಅವ್ವಾ."

"ಹಾಕಿದ್ರ ನಾನೂ ಬರ್ತೀನಿ ನಡಿ."

ಧರ್ಮಣ್ಣ ಸಂಜೆ ಬಂದು ನೋಡಿದ. ಚಪ್ಪಲಿ ಕಾಲಿನಿಂದ ಒಂದು ಕಲ್ಲನ್ನು ತಟ್ಟಿ, ಟಪ್ ಎಂಬ ಸಪ್ಪೆ ಸದ್ದು ಕೇಳಿ, "ಕಲ್ಲಿಗೆ ಕಲ್ಲಿನ ದನಿ ಇರಬೇಕು," ಎಂದಷ್ಟೇ ಹೇಳಿ ಒಳಗೆ ಹೋದ. ಊಟದ ಹೊತ್ತಿಗೆ ಬೇಳೆಗೆ ಉಪ್ಪು ಕಮ್ಮಿ ಎಂದು ಕೂಗಾಡಿದ. ಉಪ್ಪು ಸರಿಯಾಗಿಯೇ ಇತ್ತು.

ಮೂರನೆಯ ದಿನ ಬೆಳಿಗ್ಗೆ ದುಂಡಮ್ಮ ಬಟ್ಟೆ ಒಗೆದು ಬಕೀಟು ಎತ್ತಿಕೊಂಡು ತಿರುಗಿದಳು. ನೆಲದ ಮೇಲೆ ಸಾಬೂನಿನ ನೀರು ಇತ್ತು. ಒಂದು ಹೆಜ್ಜೆ ಇಟ್ಟಳು, ಕಾಲು ಬೆಣ್ಣೆಯ ಮೇಲೆ ಇಟ್ಟಂತೆ ಮುಂದೆ ಹೋಯಿತು. ಬಿದ್ದಾಗ ಎಡಗೈ ಮೈ ಕೆಳಗೆ ಸಿಕ್ಕಿತು.

ಆಸ್ಪತ್ರೆಯಿಂದ ಬರುವಾಗ ಕೈಗೆ ಸಿಮೆಂಟಿನ ಪಟ್ಟಿ ಬಿದ್ದಿತ್ತು. ಮನೆಯಲ್ಲಿ ಧರ್ಮಣ್ಣನ ದನಿ ಬೀದಿಗೆ ಕೇಳುತ್ತಿತ್ತು.

"ನಾ ಮೊದಲೇ ಬಡಕೊಂಡೆ! ಕಸ ಮನಿಗೆ ತರಬ್ಯಾಡ್ರಿ ಅಂದೆ. ಇನ್ನ ಮ್ಯಾಲ ಕಮಲಾಪುರ ಬಂದ್. ಆ ಕಲ್ಲು ಕಿತ್ತು ತಿಪ್ಪಿಗೆ ಒಗಿ ಆನಂದ."

ರಾಜೇಶ್ರೀ ಗೋಡೆಗೆ ಆತು ನಿಂತಿದ್ದಳು. ಅವಳ ಮುಖ ಬಿಳಿಚಿತ್ತು. "ತಪ್ಪು ನಂದೇ ರೀ ಮಾಮಾ. ನಾ ಹೋಗಂಗಿಲ್ಲ."

ಸೊಸೆ ಇಷ್ಟು ಬೇಗ ಸೋತದ್ದನ್ನು ನೋಡಿ ಧರ್ಮಣ್ಣ ಎತ್ತಿದ ಕೈ ಕೆಳಗಿಳಿಸಿದ. ಮಾತಾಡಿದವಳು ದುಂಡಮ್ಮ.

"ಕಲ್ಲು ಕೀಳಬ್ಯಾಡೋ ಆನಂದ."

"ಯಾಕ ಅವ್ವಾ? ಇನ್ನೊಂದು ಕೈ ಮುರಕೋಬೇಕೇನು?"

"ಮುರದದ್ದು ನನ್ನ ಕೈ. ಯಾಕ ಮುರೀತು ಅಂತ ನಾ ಕೇಳಬಾರದೇನು?"

ಅದಾದ ಮೇಲೆ ಮನೆಯ ದಿನಚರಿ ತಲೆಕೆಳಗಾಯಿತು. ರಾಜೇಶ್ರೀ ಮನೆಯಲ್ಲೇ ಉಳಿದು ಅಡುಗೆ ಮಾಡಿದಳು. ಮಲ್ಲಿಕಾ ಉಪ್ಪಿಟ್ಟು ಹೊತ್ತಿಸಿದಳು. ಆನಂದಕುಮಾರ ಬಟ್ಟೆ ಹಿಂಡುವುದನ್ನು ಕಲಿತ. ಧರ್ಮಣ್ಣ ಹೆಂಡತಿಗೆ ದಿನಾ ಬೆಳಿಗ್ಗೆ ತಾನೇ ಚಹಾ ಕಾಸಿ ತಂದು ಕೊಡುತ್ತಿದ್ದ, ಕೊಟ್ಟು ಬೈಯುತ್ತಿದ್ದ. ದುಂಡಮ್ಮ ಚಹಾ ಕುಡಿದು, ಬೈಗುಳ ಕೇಳಿಸಿಕೊಂಡು, ಕೊರಳಿಗೆ ಕೈ ತೂಗುಹಾಕಿಕೊಂಡು ಹಿತ್ತಲಲ್ಲಿ ಮಣೆಯ ಮೇಲೆ ಕುಳಿತುಬಿಡುತ್ತಿದ್ದಳು.

"ಮಲ್ಲಿ, ಕಲ್ಲಿನ ಮ್ಯಾಲ ಬರೇ ನೀರು ಹಾಕು. ಗೋಡಿ ಹಿಡಕೊಂಡು ಕಾಲು ಒರೆಸಿ ನೋಡು. ಜಾರ್ತದೇನು?"

"ಸ್ವಲ್ಪ ಜಾರ್ತದ ಆಯಿ."

"ಈಗ ಬಚ್ಚಲದ ಪರಸಿ ಮ್ಯಾಲ ಅಷ್ಟೇ ನೀರು ಹಾಕು."

"ಇಲ್ಲ. ಇದು ಒರಟ ಅದ."

"ಈಗ ಆ ಕಲ್ಲಿನ ಮಗ್ಗಲು ಮುಟ್ಟು, ಮ್ಯಾಲಿಂದಲ್ಲ, ಮಗ್ಗಲು."

ಮಲ್ಲಿಕಾ ಬೆರಳಾಡಿಸಿದಳು. "ಆಯಿ, ಮಗ್ಗಲದಾಗ ಉಸುಕು ಸಿಗ್ತದ. ಮ್ಯಾಲ ಮಾತ್ರ ನುಣ್ಣಗ ಅದ."

ಒಳಗೆ ಪಾತ್ರೆ ತೊಳೆಯುತ್ತಿದ್ದ ರಾಜೇಶ್ರೀಯ ಕೈ ನಿಂತಿತು. ಒದ್ದೆ ಕೈಯಲ್ಲೇ ಹೊರಗೆ ಬಂದು ಕುಕ್ಕರಗಾಲಲ್ಲಿ ಕುಳಿತು ತಾನೂ ಮುಟ್ಟಿ ನೋಡಿದಳು.

"ಅಚ್ಚು ಉಕ್ಕಿಂದು," ಎಂದಳು ನಿಧಾನವಾಗಿ. "ಮ್ಯಾಲಿಂದ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಅಚ್ಚಿನ ಮುಖಕ್ಕ ಬಂದು ಕುಂಡ್ರತದ. ಉಸುಕು ಒಳಗ ಉಳೀತದ. ನಾವು ಭಾರ ಹಾಕಿ ನೋಡಿದ್ವಿ, ಬಿಸಿಲಿಗಿಟ್ಟು ನೋಡಿದ್ವಿ. ಹಸಿ ಮಾಡಿ ನಡದು ನೋಡ್ಲಿಲ್ಲ ಅತ್ತಿ."

"ಅಂಗನವಾಡಿಗೆ ಇದೇ ಕಲ್ಲೇನು?"

"ಇದೇ."

"ಮಳಿ ಬಂದ್ರ?"

ರಾಜೇಶ್ರೀ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ಆ ಸಂಜೆ ಊಟಕ್ಕೆ ಕುಳಿತಾಗ ಮಾವನ ತಾಟಿಗೆ ರೊಟ್ಟಿ ಹಾಕುತ್ತ, "ನಾಳೆ ಒಂದು ದಿನ ಕಮಲಾಪುರಕ್ಕ ಹೋಗಬೇಕ್ರಿ ಮಾಮಾ. ಆ ಕಲ್ಲು ಹಾಸಬ್ಯಾಡ್ರಿ ಅಂತ ಹೇಳಾಕ," ಎಂದಳು.

ಧರ್ಮಣ್ಣ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. "ಫೋನಿನಾಗ ಹೇಳು."

"ಅಷ್ಟು ಜನ ಹೆಣ್ಮಕ್ಳು ದುಡದು ಮಾಡ್ಯಾರ. ಫೋನಿನಾಗ ಹ್ಯಾಂಗ ಹೇಳ್ಲಿ?"

ಅವನು ಬೇಡ ಅನ್ನಲಿಲ್ಲ. ಅಷ್ಟೇ ಸಾಕಾಗಿತ್ತು ದುಂಡಮ್ಮನಿಗೆ. ಪಟ್ಟಿ ಕಟ್ಟಿದ ಕೈ ಹೊತ್ತುಕೊಂಡು ಅವಳೂ ಬಸ್ಸು ಹತ್ತಿದಳು.

ಕಾವೇರಿ ಮೊದಲು ಒಪ್ಪಲಿಲ್ಲ. "ನಿಮ್ಮ ಹಿತ್ತಲದಾಗ ಸಾಬೂನಿನ ನೀರಿತ್ರಿ ಅತ್ತಿ. ಅಂಗನವಾಡ್ಯಾಗ ಯಾರು ಬಟ್ಟಿ ಒಗೀತಾರ? ಟೀಚರ್ ದಿನಾ ಕೇಳಾಕತ್ಯಾರ, ಮುಂಗಾರಿ ಮಿರಗ ಮಳಿ ಹತ್ರ ಬಂತು ಅಂತ. ಮೊದಲನೇ ಕೆಲಸದಾಗೇ ಮಾತು ತಪ್ಪಿದ್ರ ಇನ್ನ ಯಾರು ಕೇಳ್ತಾರ ನಮ್ಮನ್ನ?"

"ನೀ ಅನ್ನೋದು ಖರೇ," ಎಂದಳು ದುಂಡಮ್ಮ. "ಹಂಗಾದ್ರ ಬರೇ ನೀರು ಹಾಕಿ ನಡದು ನೋಡೋಣೇನು?"

ಗೋದಾಮಿನ ಮುಂದೆ ಕಲ್ಲು ಜೋಡಿಸಿ ಕೊಡದಿಂದ ನೀರು ಸುರಿದರು. ಕಾವೇರಿಯೇ ಮುಂದಾಗಿ ಸೀರೆ ಎತ್ತಿ ಕಟ್ಟಿ ನಡೆದಳು. ನಿಧಾನ ನಡೆದಾಗ ಏನೂ ಆಗಲಿಲ್ಲ. "ನೋಡ್ರಿ!" ಎಂದಳು. "ಮಕ್ಳು ಹಿಂಗ ನಡೀತಾವೇನು?" ಎಂದಳು ರಾಜೇಶ್ರೀ. ಕಾವೇರಿ ಗೆಳತಿಯ ಮುಖ ನೋಡಿದಳು. ತಿರುಗಿ ಬರುವಾಗ ಓಡಿದಳು. ಅರ್ಧ ದಾರಿಯಲ್ಲಿ ಕಾಲು ಸರಿದು, ರಾಜೇಶ್ರೀಯ ತೋಳು ಸಿಕ್ಕದಿದ್ದರೆ ಅವಳೂ ಬೀಳುತ್ತಿದ್ದಳು.

ಗೋಡೆಯ ತುಂಬ ಪೇರಿಸಿದ ಕಲ್ಲುಗಳ ಕಡೆ ಎಲ್ಲರೂ ನೋಡಿದರು.

"ಎಲ್ಲಾ ಹಾಳಾತು," ಎಂದಳು ಕಾವೇರಿ.

"ಹಾಳ್ಯಾಕ?" ರಾಜೇಶ್ರೀ ಒಂದು ಕಲ್ಲನ್ನು ಎತ್ತಿಕೊಂಡು ಕರಗಿಸುವ ಮಷೀನಿನ ಕಡೆ ನಡೆದಳು. "ಒಡದು ಮತ್ತ ಕರಗಸೋದು."

ದುಂಡಮ್ಮ ಬೆರಗಾದಳು. "ಆದ ಕಲ್ಲು ಮತ್ತ ಕರಗ್ತದ?"

"ಕರಗ್ತದ್ರಿ. ತಪ್ಪಾದ್ರ ಮತ್ತ ಮಾಡಬಹುದು."

ಮನೆಗೆ ಬಂದು ದುಂಡಮ್ಮ ಗಂಡನಿಗೆ ಮೊದಲು ಹೇಳಿದ್ದು ಇದನ್ನೇ. "ನಿಮ್ಮ ಕಲ್ಲು ಒಡದ್ರ ಒಡೀತು. ಅವರ ಕಲ್ಲು ತಪ್ಪಾದ್ರ ತಿರುಗಿ ಅಚ್ಚಿಗೆ ಹೋಗ್ತದ್ರಿ."

"ಅಷ್ಟೂ ಕಲ್ಲು ವಾಪಸ್ ಕರಗಿಸಿದ್ರಾ?" ಧರ್ಮಣ್ಣ ಕೇಳಿದ.

"ಕರಗಿಸಾಕತ್ಯಾರ. ಟೀಚರ್ ಮುಂದ ನಿಂತು ಹೇಳಿದಳು ನಿಮ್ಮ ಸೊಸಿ, ಜಾರ್ತಾವ, ಹಾಸಂಗಿಲ್ಲ, ಟೈಮ್ ಬೇಕು ಅಂತ."

ಧರ್ಮಣ್ಣ ಒಂದು ಅಡಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಕಮಲಾಪುರ ಬಂದ್ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ರಾಜೇಶ್ರೀ ಮತ್ತೆ ಬಸ್ಸು ಹತ್ತಿದಳು, ಆನಂದಕುಮಾರ ಖಾನಾವಳಿಯಿಂದ ರೊಟ್ಟಿ ತರತೊಡಗಿದ.

ಆದರೆ ಕೆಲಸ ಸುಲಭವಾಗಿ ಕೂಡಲಿಲ್ಲ. ಅಚ್ಚಿನ ತಳಕ್ಕೆ ಉಸುಕು ಉದುರಿಸಿ ಒತ್ತಿ ನೋಡಿದರು. ನಾಲ್ಕು ಸಲ ಕಸಬರಿಗೆಯಿಂದ ಉಜ್ಜಿದರೆ ಉಸುಕು ಉದುರಿ ಮತ್ತೆ ನುಣುಪು. ಅಚ್ಚಿನೊಳಗೆ ಗೆರೆ ಕೊರೆಸಿ ನೋಡಿದರು. ಗೆರೆಯಲ್ಲಿ ನೀರು ನಿಂತಿತು. ಪ್ರತಿ ಸಂಜೆ ರಾಜೇಶ್ರೀ ಬಂದೊಡನೆ ದುಂಡಮ್ಮ ಕೇಳುತ್ತಿದ್ದಳು, "ಏನಾತು?" ಅವಳು ಹೇಳುತ್ತಿದ್ದಳು. ಪಡಸಾಲೆಯಲ್ಲಿ ಟಿವಿ ನೋಡುತ್ತಿದ್ದ ಧರ್ಮಣ್ಣ ಅಷ್ಟೊತ್ತಿಗೆ ಟಿವಿಯ ದನಿ ಕಡಿಮೆ ಮಾಡುವುದನ್ನು ದುಂಡಮ್ಮ ಗಮನಿಸಿದ್ದಳು.

ಒಂದು ಸಂಜೆ ರಾಜೇಶ್ರೀ, "ಉಸುಕಿನ ಕಾಳು ದುಂಡಗ ಅದ, ಅದಕ್ಕ ಹಿಡಿಯವಲ್ದು. ಮೂಲಿ ಮೂಲಿ ಇರೋ ಚೂರು ಬೇಕು ಅತ್ತಿ," ಎಂದಳು.

"ಅಂಗಡಿ ಹಿಂದ ಪರಸಿ ಕೊಯ್ದ ಚೂರು ಗುಡ್ಡದಷ್ಟು ಬಿದ್ದದಲ್ಲ?" ಎಂದ ಆನಂದಕುಮಾರ. ಅಂದವನೇ ಅಪ್ಪನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಪಡಸಾಲೆಯಿಂದ ದನಿ ಬಂತು. "ನನ್ನ ಕಲ್ಲು ಆಕಿ ಪ್ಲಾಸ್ಟಿಕ್‌ನಾಗ ಹಾಕಂಗಿಲ್ಲ."

"ಚೂರು ರೀ. ನೀವೇ ಒಗ್ಯಾಕ ಟ್ರ್ಯಾಕ್ಟರ್ ಕರಸ್ತೀರಿ," ಎಂದಳು ದುಂಡಮ್ಮ.

"ಒಗೀತೀನಿ. ಕೊಡಂಗಿಲ್ಲ."

"ಹಂಗಾದ್ರ ಟ್ರ್ಯಾಕ್ಟರ್ ಎಲ್ಲಿ ಒಗೀತದ, ಅಲ್ಲಿ ಹೋಗಿ ಆರಿಸ್ಕೊಂಡು ಬರ್ತೀನಿ. ಒಂದು ಕೈ ಅದಲ್ಲ ನನಗ."

ಧರ್ಮಣ್ಣ ಟಿವಿಯ ದನಿ ದೊಡ್ಡದು ಮಾಡಿದ.

ಮರುದಿನ ಮಧ್ಯಾಹ್ನ ಕಮಲಾಪುರದ ಗೋದಾಮಿನ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಹಿಂದೆ ಕಲ್ಲಿನ ಚೂರು ತುಂಬಿದ ಚೀಲಗಳು, ಮುಂದೆ ಚಾಲಕನ ಪಕ್ಕದಲ್ಲಿ ಧರ್ಮಣ್ಣ. ಒಳಗೆ ಬಂದವನನ್ನು ನೋಡಿ ರಾಜೇಶ್ರೀ ಸೆರಗು ಸರಿಮಾಡಿಕೊಂಡಳು. ಅತ್ತೆಯೂ ಅಲ್ಲೇ ಇದ್ದಳು, ಹೆಂಗಸರಿಗೆ ಚುರಮುರಿ ಹಂಚುತ್ತಿದ್ದಳು.

"ಕೊಡಾಕ ಬಂದಿಲ್ಲ," ಎಂದ ಧರ್ಮಣ್ಣ. "ನೋಡಾಕ ಬಂದೀನಿ. ಚೂರು ಹಂಗ ಹಾಕಿದ್ರ ಹತ್ತಂಗಿಲ್ಲ. ಜಾಳಗಿಲೆ ಸಾಣಿಸಿ ಧೂಳು ತಗೀಬೇಕು. ಯಾರರ ಜಾಳಗಿ ಕೊಡ್ರಿ."

"ಧೂಳು ತಗದ್ರ ಪ್ಲಾಸ್ಟಿಕ್ ನೇರ ಕಲ್ಲಿಗೆ ಹಿಡೀತದ. ಚೂರು ಮೊದಲೇ ಕಾಸಿ ಹಾಕಿದ್ರ ಇನ್ನೂ ಛಲೋ," ಎಂದಳು ರಾಜೇಶ್ರೀ.

"ಕಾಸು ಮತ್ತ."

ಮಾವ ಸಾಣಿಸಿದ, ಸೊಸೆ ಕಾಸಿದಳು, ಕಾವೇರಿ ಒತ್ತಿದಳು. ಮೊದಲನೆಯದು ಸೀಳಿತು. ಚೂರು ಹೆಚ್ಚಾಗಿತ್ತು. ಅದನ್ನು ಮತ್ತೆ ಮಷೀನಿಗೆ ಹಾಕುವುದನ್ನು ಧರ್ಮಣ್ಣ ಬಾಗಿ ನೋಡಿದ, ಅದು ಕರಗುವವರೆಗೂ ಅಲ್ಲಿಂದ ಸರಿಯಲಿಲ್ಲ. "ಖರೇನ ಕರಗ್ತದಲ್ಲೇ," ಎಂದು ತನ್ನಷ್ಟಕ್ಕೇ ಅಂದುಕೊಂಡದ್ದು ಹೆಂಡತಿಗೆ ಕೇಳಿಸಿತು. ಅವನು ಆ ವಾರದಲ್ಲಿ ಮತ್ತೆ ಬಂದ, ಮುಂದಿನ ವಾರವೂ ಬಂದ. ಕೇಳಿದರೆ, ಟಂಟಂ ಹೇಗೂ ಈ ಕಡೆ ಬರುತ್ತಿತ್ತು ಅನ್ನುತ್ತಿದ್ದ. ಕಡೆಗೊಂದು ದಿನ ಪಾಲು ಕೂಡಿ, ಉಜ್ಜಿದರೂ ಚೂರು ಉದುರದ, ಸೀಳದ ಕಲ್ಲು ಹೊರಬಂತು.

ಅಂಗನವಾಡಿಯ ಅಂಗಳಕ್ಕೆ ಕಲ್ಲು ಹಾಸಿದ ದಿನ ದುಂಡಮ್ಮನ ಕೈಯ ಪಟ್ಟಿ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ಮೋಡ ಕವಿಯಿತು. ಕಲ್ಲಿನ ಮೇಲೆ ನೀರು ಸುರಿದು ನೋಡಲೆಂದು ಕೊಡ ತುಂಬಿಸಲು ಹೋದ ಕಾವೇರಿ ವಾಪಸು ಬರುವಷ್ಟರಲ್ಲಿ ಮಿರಗ ಮಳೆಯೇ ಹನಿಯಿತು. ಗೇಟಿನಿಂದ ಬಾಗಿಲವರೆಗೆ ಹೊಸ ದಾರಿ ತೊಯ್ದು ಇನ್ನೂ ಕಪ್ಪಾಯಿತು. ಮಕ್ಕಳು ಬಾಗಿಲಲ್ಲಿ ಒತ್ತೊತ್ತಾಗಿ ನಿಂತಿದ್ದವು, ಟೀಚರು ಅವನ್ನು ಹಿಡಿದಿಟ್ಟುಕೊಂಡಿದ್ದಳು.

"ನಾ ನಡೀತೀನಿ," ಎಂದು ದುಂಡಮ್ಮ ಚಪ್ಪಲಿ ಬಿಟ್ಟಳು.

"ಅತ್ತಿ ಬ್ಯಾಡ್ರಿ! ನಾ ಮೊದಲು—" ರಾಜೇಶ್ರೀ ಮುಂದೆ ಬಂದಳು.

"ಇಬ್ರೂ ನಿಂದರ್ರಿ," ಎಂದ ಧರ್ಮಣ್ಣ.

ಧೋತರದ ಅಂಚು ಎತ್ತಿ ಸಿಕ್ಕಿಸಿದ. ಬರಿಗಾಲಲ್ಲಿ ದಾರಿಯ ಮೇಲೆ ಇಳಿದ. ಹಿಮ್ಮಡಿ ಒತ್ತಿ, ಬೆರಳು ಒತ್ತಿ, ಒಂದೊಂದು ಕಲ್ಲನ್ನೂ ಕೇಳುವವನಂತೆ ನಡೆದ. ತುದಿಗೆ ಹೋಗಿ ತಿರುಗಿ, ಎಲ್ಲರೂ ನೋಡುತ್ತಿದ್ದಂತೆ, ಆ ವಯಸ್ಸಿನಲ್ಲಿ, ಮಳೆಯಲ್ಲಿ, ಓಡಿ ಬಂದ. ಮಕ್ಕಳು ಕೇಕೆ ಹಾಕಿದವು.

ಗೇಟಿನ ಬಳಿ ನಿಂತು ಏದುಸಿರು ಬಿಡುತ್ತ, "ಇದು ಕಲ್ಲಲ್ಲ," ಎಂದ.

ರಾಜೇಶ್ರೀಯ ಮುಖ ಇಳಿಯಿತು.

"ಇದು ಬ್ಯಾರೆ ಏನೋ ಅದ. ಏನರ ಇರಲಿ, ಕಾಲಿಗೆ ಹಿಡಿತ ಅದ." ಅವನು ಸೊಸೆಯ ಕಡೆ ನೋಡಿದ. "ಮಕ್ಳನ್ನ ಬಿಡಾಕ ಹೇಳವ್ವಾ ಟೀಚರ್‌ಗೆ."

ಮಕ್ಕಳು ಹೊರಗೆ ನುಗ್ಗಿದವು. ಆ ಗದ್ದಲದಲ್ಲಿ ಧರ್ಮಣ್ಣ ಹೆಂಡತಿಯ ಕಡೆ ತಿರುಗಿ ಕೈ ಚಾಚಿದ. ಮದುವೆಯಾಗಿ ಇಷ್ಟು ವರ್ಷವಾದರೂ ನಾಲ್ಕು ಜನರೆದುರು ಅವನು ಅವಳ ಕೈ ಹಿಡಿದದ್ದಿರಲಿಲ್ಲ.

"ಏನ್ರೀ, ಜಾರಂಗಿಲ್ಲ ಅಂತ ನೀವೇ ಅಂದ್ರಿ," ಎಂದಳು ದುಂಡಮ್ಮ.

"ಜಾರಂಗಿಲ್ಲ. ಬಾ."

ಒಬ್ಬಳೇ ನಡೆಯಬಹುದಿತ್ತು. ಅವಳು ಬಲಗೈ ಕೊಟ್ಟಳು. ಇಬ್ಬರೂ ಮಳೆಯಲ್ಲಿ ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಾಗಿಲವರೆಗೆ ನಡೆದರು. ಸೂರಿನ ಕೆಳಗೆ ಬಂದು ನಿಂತಮೇಲೂ ಅವನು ಕೈ ಬಿಡಲಿಲ್ಲ.